ಜುಲೈ 26ಕ್ಕೆ ಶಾಲು, ಹಾರ ಬಿಟ್ಟು ಬೇರೇನಾದರೂ ಮಾಡೋಣವಾ?

ಸಂಘದ ಕಾರ್ಯದರ್ಶಿ:

ಕಾರ್ಗಿಲ್ ವಿಜಯ ದಿವಸ ಹತ್ತಿರ ಬರುತ್ತಿದೆ. ನಮ್ಮ ಸಂಘದ ಸಭೆಯಲ್ಲಿ ಯಥಾಪ್ರಕಾರ ಪಟ್ಟಿ ತಯಾರಾಯಿತು. ಶಾಮಿಯಾನ, ಮೈಕು, ಮುಖ್ಯ ಅತಿಥಿ, ಹುತಾತ್ಮರ ಮನೆಯವರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ, ಕೊನೆಗೆ ಗ್ರೂಪ್ ಫೋಟೋ. ಹುಡುಗರು ಬೈಕ್ ರ‍್ಯಾಲಿ ಅಂದರು. ಯಾರೂ ತಕರಾರು ಮಾಡಲಿಲ್ಲ. ನನಗೆ ಮಾತ್ರ ಸಮಾಧಾನ ಇಲ್ಲ.

1999ರ ಕಾರ್ಗಿಲ್ ಯುದ್ಧದಲ್ಲಿ ಭಾರತದ 527 ಯೋಧರು ಸತ್ತರು. 1,300ಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಸತ್ತವರಲ್ಲಿ ಎಷ್ಟೋ ಮಂದಿ ಇಪ್ಪತ್ತರ ಹರೆಯದವರು. ಬದುಕಿದ್ದರೆ ಈಗ ಐವತ್ತರ ಹತ್ತಿರ ಇರುತ್ತಿದ್ದರು, ಮಕ್ಕಳ ಕಾಲೇಜು ಫೀಸು, ಮದುವೆ ಅಂತ ಓಡಾಡಿಕೊಂಡಿರುತ್ತಿದ್ದರು. ನಾವು ಭಾಷಣದಲ್ಲಿ 'ಪ್ರಾಣತ್ಯಾಗ' ಅಂದು ಮುಂದಿನ ವಾಕ್ಯಕ್ಕೆ ಹೋಗಿಬಿಡುತ್ತೇವೆ. ಏನು ಹೋಯಿತು ಅನ್ನುವುದು ಕೇಳುವವರಿಗೆ ತಟ್ಟುವುದೇ ಇಲ್ಲ.

ಅನುಭವ ಇರುವವರು ಹೇಳಿ. ಬರೀ ಟೀಕೆ ಬೇಡ, ನಮ್ಮಂಥ ಸಣ್ಣ ಸಂಘದ ಕೈಲಾಗುವಂಥದ್ದು ಹೇಳಿ.

ಜೈ ಜವಾನ್:

ಕಾರ್ಯದರ್ಶಿಗಳೇ, ರ‍್ಯಾಲಿಯಲ್ಲಿ ತಪ್ಪೇನಿದೆ? ಹುಡುಗರು ಬರುವುದೇ ಅದಕ್ಕೆ. ವಿಜಯ ದಿವಸ ಅಂದಮೇಲೆ ಗೆದ್ದ ಖುಷಿ ಇರಬೇಕು. ಅಳುಮೋರೆ ಕಾರ್ಯಕ್ರಮ ಮಾಡಿದರೆ ಖಾಲಿ ಕುರ್ಚಿಗಳಿಗೆ ಭಾಷಣ ಮಾಡಬೇಕಾಗುತ್ತದೆ ಅಷ್ಟೇ.

ಮಾಜಿ ಹವಾಲ್ದಾರ್:

ತಮ್ಮಾ, ರ‍್ಯಾಲಿ ಮಾಡು, ಯಾರು ಬೇಡ ಅಂದರು? ಹೆಲ್ಮೆಟ್ ಹಾಕಿಕೊಂಡು ಮಾಡು.

ಆದರೆ ರ‍್ಯಾಲಿಗೆ ಬಂದ ಹುಡುಗರಿಗೆ ಹತ್ತು ನಿಮಿಷ ಕೂರಿಸಿ ನಿಜ ಸಂಗತಿ ಹೇಳಿ. ನಾನು ಸಿಯಾಚಿನ್‌ನಲ್ಲಿ ಇದ್ದು ಬಂದವನು. ಅಲ್ಲಿ ಮೊದಲ ಶತ್ರು ಹವಾಮಾನ. ಬರಿಗೈಯಲ್ಲಿ ರೈಫಲ್‌ನ ಕಬ್ಬಿಣ ಮುಟ್ಟಿದರೆ ಚರ್ಮ ಅದಕ್ಕೇ ಅಂಟಿಕೊಳ್ಳುತ್ತದೆ. ನಡೆದು ಬೆವರಿದರೆ ಆ ಬೆವರೇ ಗ್ಲೌಸಿನ ಒಳಗೆ, ಸಾಕ್ಸಿನ ಒಳಗೆ ಮಂಜುಗಡ್ಡೆ ಆಗುತ್ತದೆ. ಬೆರಳು ಮೊದಲು ಚುರುಚುರು ಅನ್ನುತ್ತದೆ. ಆಮೇಲೆ ಏನೂ ಗೊತ್ತಾಗುವುದಿಲ್ಲ. ಗೊತ್ತಾಗದೇ ಇರುವುದೇ ಅಪಾಯ. ಅಷ್ಟರಲ್ಲಿ ಕಪ್ಪಾಗಲು ಶುರುವಾಗಿರುತ್ತದೆ. ಒಬ್ಬರ ಸೊಂಟಕ್ಕೆ ಇನ್ನೊಬ್ಬರು ಹಗ್ಗ ಕಟ್ಟಿಕೊಂಡು ಸಾಲಾಗಿ ನಡೆಯುತ್ತೇವೆ. ಮುಂದಿನವನು ಹಿಮದ ಬಿರುಕಿಗೆ ಬಿದ್ದರೆ ಹಿಂದಿನವರು ಹಿಡಿದು ಎಳೆಯಬೇಕು. ರಾತ್ರಿ ಊಟ ಸೇರುವುದಿಲ್ಲ, ನಿದ್ದೆ ಬರುವುದಿಲ್ಲ, ಉಸಿರು ಸಿಗುವುದಿಲ್ಲ. ನಮ್ಮ ಸೈನ್ಯ ಅಲ್ಲಿಗೆ ಹೋದ 1984ರಿಂದ ಸತ್ತವರಲ್ಲಿ ಗುಂಡಿಗಿಂತ ಚಳಿ, ಹಿಮಪಾತ, ಎತ್ತರಕ್ಕೆ ಬಲಿಯಾದವರೇ ಜಾಸ್ತಿ. 2003ರ ನವೆಂಬರ್‌ನಲ್ಲಿ ಪಾಕಿಸ್ತಾನದ ಜೊತೆ ಕದನವಿರಾಮ ಆಯಿತು. ಗುಂಡು ನಿಂತಿತು, ಸಾವು ನಿಲ್ಲಲಿಲ್ಲ.

2016ರ ಫೆಬ್ರುವರಿ 3ರಂದು ಅಲ್ಲಿನ ಸೋನಂ ಪೋಸ್ಟ್ ಮೇಲೆ ಹಿಮದ ಗೋಡೆಯೇ ಕುಸಿಯಿತು. ಸುಮಾರು 19,600 ಅಡಿ ಎತ್ತರದ ಜಾಗ ಅದು. ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಅದರ ಕೆಳಗೆ ಸಿಕ್ಕಿಕೊಂಡರು. ಆರು ದಿನ ಆದಮೇಲೆ ಧಾರವಾಡ ಜಿಲ್ಲೆ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಜೀವಂತ ಸಿಕ್ಕರು. ಇಡೀ ರಾಜ್ಯ ಹರಕೆ ಹೊತ್ತಿತು. ಫೆಬ್ರುವರಿ 11ಕ್ಕೆ ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಹನುಮಂತಪ್ಪ ಎಲ್ಲರಿಗೂ ಗೊತ್ತು. ಉಳಿದ ಒಂಬತ್ತು ಮಂದಿಯಲ್ಲಿ ಹಾಸನದವರು ಒಬ್ಬರು, ಮೈಸೂರು ಜಿಲ್ಲೆಯವರು ಒಬ್ಬರು ಇದ್ದರು. ಅವರ ಹೆಸರು ಇಲ್ಲಿ ಎಷ್ಟು ಜನ ಹೇಳುತ್ತೀರಿ?

ಯೋಧನ ಮಗಳು:

ಹವಾಲ್ದಾರ್ ಅಂಕಲ್, ನಮಸ್ಕಾರ. ನಾನು ಆಚೆ ಕಡೆಯದ್ದು ಹೇಳುತ್ತೇನೆ, ಅಂದರೆ ಪೆಟ್ಟಿಗೆ ಬಂದ ಮನೆಯದ್ದು.

ಅಪ್ಪ ಹೋದಾಗ ನಾನು ಮೂರನೇ ಕ್ಲಾಸು. ಮೂರು ದಿನ ಮನೆ ಮುಂದೆ ಜಾತ್ರೆ. ಗಾಳಿಯಲ್ಲಿ ಗುಂಡು ಹಾರಿಸಿದರು, ಬಾವುಟ ಮಡಚಿ ಅಮ್ಮನ ಕೈಗೆ ಕೊಟ್ಟರು. ಆ ಗೌರವವನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ. ಅಮ್ಮನಿಗೆ ಇವತ್ತಿಗೂ ಅದೇ ಬಲ. ರಸ್ತೆಗೆ ಹೆಸರಿಡುತ್ತೇವೆ, ಸೈಟು ಕೊಡಿಸುತ್ತೇವೆ, ಮಗಳನ್ನು ಓದಿಸುತ್ತೇವೆ ಅಂತ ವೇದಿಕೆ ಮೇಲೆ ಹೇಳಿದವರಿಗೆ ಲೆಕ್ಕ ಇರಲಿಲ್ಲ. ನಾಲ್ಕನೇ ದಿನದಿಂದ ಮನೆಯಲ್ಲಿ ನಾವು ಮೂರೇ ಜನ.

ಆಮೇಲೆ ಕಾಗದ ಪತ್ರ ಶುರುವಾಯಿತು. ಅಪ್ಪನ ಸೇವಾ ದಾಖಲೆಯಲ್ಲಿ ಅಮ್ಮನ ಹೆಸರು ಒಂದು ಥರ, ರೇಷನ್ ಕಾರ್ಡಿನಲ್ಲಿ ಇನ್ನೊಂದು ಥರ. ತವರಲ್ಲಿ ಇಟ್ಟ ಹೆಸರು ಒಂದು, ಮದುವೆಯಾದಮೇಲೆ ಅತ್ತೆ ಕರೆದ ಹೆಸರು ಒಂದು. ಎರಡೂ ಒಬ್ಬಳೇ ಅಂತ ಸಾಬೀತು ಮಾಡಲು ಅಫಿಡವಿಟ್, ನೋಟರಿ, ಮತ್ತೆ ಅಫಿಡವಿಟ್. ಒಂದು ಕಚೇರಿಯಲ್ಲಿ ಗುಮಾಸ್ತರು ಅಮ್ಮನ ಮುಖ ಕೂಡ ನೋಡದೆ 'ನಾಳೆ ಬಾರಮ್ಮ' ಅಂದಿದ್ದು ನನಗೆ ನೆನಪಿದೆ. ಹಿಂದಿನ ತಿಂಗಳು ಅದೇ ಕಟ್ಟಡದ ಎದುರು ಅಪ್ಪನ ದೊಡ್ಡ ಫ್ಲೆಕ್ಸ್ ಇತ್ತು.

ದುಡ್ಡು ಬಂದಮೇಲೆ ನೆಂಟರು ಬಂದರು. ಅಜ್ಜ ಅಜ್ಜಿಗೆ ಎಷ್ಟು, ಸೊಸೆಗೆ ಎಷ್ಟು ಅಂತ ಪಂಚಾಯಿತಿ. ಮಗನನ್ನು ಕಳೆದುಕೊಂಡವರು, ಗಂಡನನ್ನು ಕಳೆದುಕೊಂಡವಳು, ಇಬ್ಬರೂ ಒಂದೇ ದುಃಖದಲ್ಲಿ ಇರುವವರು. ಅವರನ್ನು ಎದುರಾಬದುರಾ ಕೂರಿಸಿದರು. ಇದೂ ಯುದ್ಧದ ಬೆಲೆಯೇ ಅಲ್ವಾ? ಇದನ್ನು ಯಾವ ಅಂಕಿ ಅಂಶದಲ್ಲೂ ಸೇರಿಸುವುದಿಲ್ಲ.

ಇನ್ನೊಂದು. ಶೌರ್ಯ ಪದಕ ಪಡೆದ ಯೋಧನ ಹೆಂಡತಿ ಮತ್ತೆ ಮದುವೆಯಾದರೆ ಪದಕದ ಜೊತೆ ಬರುವ ಭತ್ಯೆ ನಿಂತುಹೋಗುತ್ತಿತ್ತು. ತೀರಿಕೊಂಡ ಗಂಡನ ಅಣ್ಣನನ್ನೋ ತಮ್ಮನನ್ನೋ ಮದುವೆಯಾದರೆ ಮಾತ್ರ ಮುಂದುವರಿಯುತ್ತಿತ್ತು. ಈ ಷರತ್ತು ತೆಗೆದದ್ದು 2017ರ ನವೆಂಬರ್‌ನಲ್ಲಿ. ಇಪ್ಪತ್ತೆರಡು ವರ್ಷದ ಹುಡುಗಿಗೆ ಹೀಗೊಂದು ನಿಯಮ ಇಟ್ಟು, ಅವಳಿಗೇ ವೇದಿಕೆಯಲ್ಲಿ 'ವೀರನಾರಿ' ಅಂತ ಕೈಮುಗಿಯುತ್ತಿದ್ದೆವು.

ಕಲ್ಲು ಓದುವವ:

ಮಗಳೇ, ನೀವು ಹೇಳಿದ್ದು ಓದಿ ಒಂದು ಹಳೇ ಸಂಗತಿ ಹೇಳಬೇಕು ಅನ್ನಿಸಿತು.

ನಮ್ಮ ನಾಡಿನಲ್ಲಿ ಊರಿಗೊಂದು ವೀರಗಲ್ಲು ಸಿಗುತ್ತದೆ. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ಮಧ್ಯದಲ್ಲಿ ಅಪ್ಸರೆಯರು ವೀರನನ್ನು ಮೇಲಕ್ಕೆ ಕರೆದೊಯ್ಯುವುದು, ಮೇಲೆ ಶಿವಲಿಂಗದ ಮುಂದೆ ಅವನು ಕೂತಿರುವುದು. ಇದು ಎಲ್ಲರಿಗೂ ಗೊತ್ತು. ಆದರೆ ಕಲ್ಲಿನ ಮೇಲೆ ಬರಹ ಇದ್ದರೆ ಅದರ ಕೊನೆಯ ಸಾಲುಗಳನ್ನು ಓದಿ. ಬಹಳ ಕಡೆ ಸತ್ತವನ ಮನೆಯವರಿಗೆ ಭೂಮಿ ಬಿಟ್ಟುಕೊಟ್ಟ ಮಾತು ಇರುತ್ತದೆ. ಎಷ್ಟು ಗದ್ದೆ, ಎಲ್ಲಿಂದ ಎಲ್ಲಿವರೆಗೆ, ಇದನ್ನು ಕಿತ್ತುಕೊಂಡವನಿಗೆ ಎಂಥ ಪಾಪ ಅನ್ನುವುದು ಕೂಡ. ನೆತ್ತರುಗೊಡಗೆ ಅಂತ ಅದಕ್ಕೆ ಹೆಸರು. ಕಲ್ಲು ನಿಲ್ಲಿಸುವುದು, ಹೊಲ ಕೊಡುವುದು, ಎರಡೂ ಒಂದೇ ಶಾಸನದಲ್ಲಿ. ಸಾವಿರ ವರ್ಷದ ಹಿಂದಿನವರು ಎಲ್ಲದರಲ್ಲೂ ನಮಗಿಂತ ಮೇಲು ಅಂತ ನಾನು ಹೇಳುವುದಿಲ್ಲ. ದನ ಹಿಡಿಯುವ ಜಗಳಕ್ಕೂ ಊರೂರೇ ಹೊಡೆದಾಡಿಕೊಂಡು ಸಾಯುತ್ತಿದ್ದರು. ಆದರೂ ಬರೀ ಹೊಗಳಿಕೆಗೆ ಬಿಡದೆ ಮನೆಯವರ ಹೊಟ್ಟೆಪಾಡನ್ನೂ ಅದೇ ಕಲ್ಲಿನಲ್ಲಿ ಕೆತ್ತಿದರು.

ಸುಮ್ನೆ ಹೇಳುತ್ತೇನೆ, ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹತ್ತನೇ ಶತಮಾನದ ಒಂದು ಕಲ್ಲು ಸಿಕ್ಕಿತು. ಕಾಳಿ ಅನ್ನುವ ನಾಯಿಗೆ ನಿಲ್ಲಿಸಿದ್ದು. ಕಾಡುಹಂದಿಯ ಜೊತೆ ಕಾದಾಡಿ ಎರಡೂ ಸತ್ತವು. ಆ ಕಲ್ಲಿನ ಪೂಜೆಗೂ ಭೂಮಿ ಬಿಟ್ಟಿದ್ದಾರೆ! ಈಗ ಅದು ಬೆಂಗಳೂರಿನ ಮ್ಯೂಸಿಯಂನಲ್ಲಿದೆ.

ಜೈ ಜವಾನ್:

ಎಲ್ಲ ಸರಿ. ಮೇಡಂ ಹೇಳಿದ್ದು ಓದಿ ಬೇಜಾರಾಯಿತು, ನಿಜ. ಆದರೆ ಒಂದು ಮಾತು. ಹೀಗೆ ಬರೀ ನಷ್ಟದ ಲೆಕ್ಕ ಹಾಕುತ್ತಾ ಹೋದರೆ ಸೈನ್ಯಕ್ಕೆ ಸೇರುವ ಹುಡುಗರ ಮನಸ್ಸು ಕುಗ್ಗುವುದಿಲ್ಲವಾ? ಶತ್ರು ಮನೆ ಬಾಗಿಲಿಗೆ ಬಂದಾಗ ಕ್ಯಾಲ್ಕುಲೇಟರ್ ಹಿಡಿದು ಕೂರಲು ಆಗುತ್ತಾ?

ಮಾಜಿ ಹವಾಲ್ದಾರ್:

ಒಳ್ಳೆ ಪ್ರಶ್ನೆ. ಉತ್ತರ ಏನಪ್ಪಾ ಅಂದರೆ, ಸೈನ್ಯದಲ್ಲಿ ಎಲ್ಲರಿಗಿಂತ ಜಾಸ್ತಿ ಲೆಕ್ಕ ಹಾಕುವವನು ಒಳ್ಳೆ ಕಮಾಂಡರ್. ಹಾಕದವನ ಕೈಕೆಳಗೆ ಯಾರಿಗೂ ಕೆಲಸ ಮಾಡಲು ಇಷ್ಟ ಇರುವುದಿಲ್ಲ.

1971ರ ಏಪ್ರಿಲ್‌ನಲ್ಲೇ ಪೂರ್ವ ಪಾಕಿಸ್ತಾನಕ್ಕೆ, ಅಂದರೆ ಈಗಿನ ಬಾಂಗ್ಲಾದೇಶಕ್ಕೆ, ನುಗ್ಗಬೇಕು ಅನ್ನುವ ಒತ್ತಡ ಇತ್ತು. ಸೇನಾ ಮುಖ್ಯಸ್ಥ ಮಾಣೆಕ್ ಶಾ ಆಗಲ್ಲ ಅಂದರು. ಮಳೆಗಾಲ ಬರುತ್ತಿದೆ, ಬಂಗಾಳದ ನದಿಗಳು ಉಕ್ಕುತ್ತವೆ, ಉತ್ತರದಲ್ಲಿ ಕಣಿವೆಗಳ ಹಿಮ ಕರಗಿದರೆ ಚೀನಾ ಕಡೆಯೂ ನೋಡಬೇಕು, ನನ್ನ ಟ್ಯಾಂಕುಗಳು ತಯಾರಿಲ್ಲ ಅಂತ ಪ್ರಧಾನಿ ಎದುರೇ ಹೇಳಿದರು. ಡಿಸೆಂಬರ್‌ವರೆಗೆ ಕಾದರು. 3ಕ್ಕೆ ಶುರುವಾದ ಯುದ್ಧ 16ಕ್ಕೆ ಮುಗಿಯಿತು, ಪಾಕಿಸ್ತಾನದ 93,000 ಮಂದಿ ಶರಣಾದರು. ಆತುರ ಪಟ್ಟಿದ್ದರೆ ಇನ್ನೆಷ್ಟು ಮನೆಗೆ ಸಾವಿನ ತಂತಿ ಹೋಗುತ್ತಿತ್ತೋ.

ಲೆಕ್ಕ ಹಾಕದೆ ಕಳಿಸಿದ್ದು ಹೇಗಿರುತ್ತದೆ ಅನ್ನುವುದಕ್ಕೆ 1962ರ ಚೀನಾ ಯುದ್ಧ ನೋಡು. ಹಿಮಾಲಯಕ್ಕೆ ಹತ್ತಿ ಬಟ್ಟೆ, ಕ್ಯಾನ್ವಾಸ್ ಶೂನಲ್ಲಿ ಕಳಿಸಿದರು. ಸುಮಾರು 1,380 ಮಂದಿ ಸತ್ತರು, ಸುಮಾರು 1,700 ಮಂದಿ ಏನಾದರೋ ಪತ್ತೆಯೇ ಇಲ್ಲ. ನವೆಂಬರ್ 18ರಂದು ಲಡಾಖಿನ ರೆಜಾಂಗ್ ಲಾ ಕಣಿವೆಯಲ್ಲಿ 13 ಕುಮಾವ್ ಬೆಟಾಲಿಯನ್ನಿನ ಮೇಜರ್ ಶೈತಾನ್ ಸಿಂಗ್ ಅವರ ತುಕಡಿ ಕಾವಲಿಗೆ ನಿಂತಿತ್ತು. ಸುಮಾರು 120 ಮಂದಿಯಲ್ಲಿ ನೂರಕ್ಕೂ ಹೆಚ್ಚು ಮಂದಿ ಅಲ್ಲೇ ಹೋದರು. ಮುಂದಿನ ವರ್ಷ ಚಳಿ ತಗ್ಗುವ ಹೊತ್ತಿಗೆ ಹೋಗಿ ನೋಡಿದರೆ ಹೆಣಗಳು ಮೋರ್ಚಾದಲ್ಲಿ ಹೇಗಿದ್ದವೋ ಹಾಗೇ ಹೆಪ್ಪುಗಟ್ಟಿದ್ದವು. ಕೈಯಲ್ಲಿ ಆಯುಧ ಹಿಡಿದೇ ಇದ್ದರು. ಅವರ ಧೈರ್ಯಕ್ಕೆ ನಾನು ಸಾವಿರ ಸಲ ಸಲ್ಯೂಟ್ ಹೊಡೆಯುತ್ತೇನೆ. ಆದರೆ ಅವರನ್ನು ಆ ಬಟ್ಟೆಯಲ್ಲಿ ಅಲ್ಲಿಗೆ ಕಳಿಸಿದ್ದನ್ನು ಕೇಳಬಾರದು ಅಂದರೆ ಅದು ಗೌರವ ಅಲ್ಲ. ಅವರ ಧೈರ್ಯದ ಹಿಂದೆ ನಾವು ಬಚ್ಚಿಟ್ಟುಕೊಂಡ ಹಾಗೆ.

ಸೈನಿಕ ಸಾಯಲು ತಯಾರಿರುತ್ತಾನೆ. ಹಾಗಂತ ಅವನ ಜೀವ ಅಗ್ಗ ಅಲ್ಲ.

ಗಡಿಯಾಚೆ:

ಹವಾಲ್ದಾರ್ ಸಾರ್ ಇಷ್ಟು ಹೇಳಿದ ಮೇಲೆ ಧೈರ್ಯ ಮಾಡಿ ಕೇಳುತ್ತೇನೆ. ಆ ಕಡೆ ಸತ್ತವರ ಬಗ್ಗೆ ಏನಾದರೂ ಹೇಳಬಹುದಾ?

ಕಾರ್ಗಿಲ್ ಯುದ್ಧದಲ್ಲಿ ಟೈಗರ್ ಹಿಲ್‌ನಲ್ಲಿ ಪಾಕಿಸ್ತಾನದ ಕ್ಯಾಪ್ಟನ್ ಕರ್ನಲ್ ಶೇರ್ ಖಾನ್ ಸತ್ತ. ಕರ್ನಲ್ ಅವನ ಹೆಸರೇ, ಹುದ್ದೆ ಅಲ್ಲ. ನಮ್ಮ ಬ್ರಿಗೇಡಿಯರ್ ಎಂ.ಪಿ.ಎಸ್. ಬಾಜ್ವಾ ಅವನ ಹೋರಾಟ ಕಂಡಿದ್ದರು. ಹೆಣ ವಾಪಸ್ ಕಳಿಸುವಾಗ, ಇವನು ಬಹಳ ಧೈರ್ಯದಿಂದ ಕಾದಿದ್ದಾನೆ ಅಂತ ಒಂದು ಚೀಟಿ ಬರೆದು ಅವನ ಜೇಬಿನಲ್ಲಿ ಇಡಿಸಿದರು. ಪಾಕಿಸ್ತಾನ ಅವನಿಗೆ ತನ್ನ ಅತಿ ದೊಡ್ಡ ಪದಕ ನಿಶಾನ್-ಎ-ಹೈದರ್ ಕೊಟ್ಟಿತು. ಶತ್ರು ಬರೆದ ಚೀಟಿಯಿಂದ ಪದಕಕ್ಕೆ ದಾರಿ ಆಯಿತು ನೋಡಿ. ಮೊದಮೊದಲು ಆ ದೇಶ ಇವರು ನಮ್ಮ ಸೈನಿಕರೇ ಅಲ್ಲ ಅಂದಿತ್ತು. ವಾಪಸ್ ಪಡೆಯದ ಎಷ್ಟೋ ಹೆಣಗಳನ್ನು ನಮ್ಮ ಸೈನ್ಯವೇ ಅವರ ಧರ್ಮದ ಪ್ರಕಾರ ಮಣ್ಣು ಮಾಡಿತು.

ಜೈ ಜವಾನ್:

ಇದನ್ನು ನಮ್ಮ ವೇದಿಕೆಯಲ್ಲಿ ಹೇಳಿದರೆ ಕಲ್ಲು ಬೀಳುತ್ತದೆ ಸಾರ್.

ಮಾಜಿ ಹವಾಲ್ದಾರ್:

ಬೀಳಲಿ, ನಾನು ಹೇಳುತ್ತೇನೆ. ಹಾಗೆ ಮಣ್ಣು ಮಾಡಿದ್ದು ನಮ್ಮ ಸೈನ್ಯದ ಹೆಮ್ಮೆ, ಅದನ್ನು ಯಾಕೆ ಮುಚ್ಚಿಡಬೇಕು?

ಕೊಡಗಿನ ಕಾರ್ಯಪ್ಪ ಸಾಹೇಬರ ವಿಷಯವೂ ಹೇಳಬೇಕು. 1965ರಲ್ಲಿ ಅವರ ಮಗ ವಾಯುಪಡೆಯ ಪೈಲಟ್. ವಿಮಾನ ಬಿದ್ದು ಪಾಕಿಸ್ತಾನದ ಕೈಗೆ ಸೆರೆ ಸಿಕ್ಕರು. ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ಹಿಂದೆ ಕಾರ್ಯಪ್ಪನವರ ಕೈಕೆಳಗೆ ಇದ್ದವರು. ಬಿಡಿಸಿ ಕಳಿಸುತ್ತೇನೆ ಅಂದರು. ಕಾರ್ಯಪ್ಪನವರು ಒಪ್ಪಲಿಲ್ಲ. ಸೆರೆಯಾದವರೆಲ್ಲ ನನ್ನ ಮಕ್ಕಳೇ, ಎಲ್ಲರನ್ನೂ ಒಂದೇ ಥರ ನೋಡಿಕೊಳ್ಳಿ ಅಂದರು. ಶಾಲೆಯಲ್ಲಿ ಇದನ್ನು ಕಥೆ ಥರ ಹೇಳುತ್ತಾರೆ. ಮನೆಯಲ್ಲಿ ಆ ತಿಂಗಳುಗಳು ಹೇಗೆ ಕಳೆದಿರಬಹುದು ಅಂತ ಯಾರೂ ಹೇಳುವುದಿಲ್ಲ.

ಫಿಸಿಯೊ:

ಎಲ್ಲರೂ ಸತ್ತವರ ಬಗ್ಗೆಯೇ ಮಾತಾಡುತ್ತಿದ್ದೀರಿ. ಕಾರ್ಯದರ್ಶಿಗಳು ಮೊದಲಲ್ಲೇ 1,300 ಗಾಯಾಳುಗಳು ಅಂದರು, ಆಮೇಲೆ ಅವರ ಸುದ್ದಿಯೇ ಇಲ್ಲ!

ಪುಣೆಯ ಖಡಕಿಯಲ್ಲಿ ಬೆನ್ನುಹುರಿಗೆ ಪೆಟ್ಟಾದ ಸೈನಿಕರ ಪುನರ್ವಸತಿ ಕೇಂದ್ರ ಇದೆ. 1974ರಿಂದ ನಡೆಯುತ್ತಿದೆ. ಮೊಹಾಲಿಯಲ್ಲಿ ಇನ್ನೊಂದು ಇದೆ. ಸೊಂಟದ ಕೆಳಗೆ, ಕೆಲವರಿಗೆ ಕತ್ತಿನ ಕೆಳಗೆ, ಏನೂ ಅಲ್ಲಾಡುವುದಿಲ್ಲ. ಬಾಯಲ್ಲಿ ಬ್ರಷ್ ಕಚ್ಚಿಕೊಂಡು ಚಿತ್ರ ಬರೆಯುವವರಿದ್ದಾರೆ, ವೀಲ್‌ಚೇರ್ ಬಾಸ್ಕೆಟ್‌ಬಾಲ್ ಆಡುವವರಿದ್ದಾರೆ. ಬೆನ್ನುಹುರಿಯ ಪೆಟ್ಟು ಅಂದರೆ ನಡೆಯಲು ಆಗುವುದಿಲ್ಲ ಅಷ್ಟೇ ಅಂತ ಜನ ಅಂದುಕೊಂಡಿದ್ದಾರೆ. ರಾತ್ರಿ ಇಡೀ ಒಂದೇ ಮಗ್ಗುಲಲ್ಲಿ ಮಲಗಿದರೆ ಹುಣ್ಣಾಗುತ್ತದೆ, ಅದಕ್ಕೆ ಎರಡು ಗಂಟೆಗೊಮ್ಮೆ ಯಾರಾದರೂ ಹೊರಳಿಸಬೇಕು. ಮೂತ್ರಕ್ಕೆ ನಳಿಕೆ. ನಳಿಕೆಯಿಂದ ಸೋಂಕು. ಮನೆಯಲ್ಲಿ ಇದ್ದರೆ ಇದನ್ನೆಲ್ಲ ಮಾಡುವವರು ಹೆಂಡತಿ ಅಥವಾ ತಾಯಿ, ವರ್ಷಗಟ್ಟಲೆ. ಅವರಿಗೆ ಯಾವ ಶಾಲೂ ಇಲ್ಲ.

ಮುರಳೀಕಾಂತ್ ಪೇಟ್ಕರ್ ಹೆಸರು ಕೇಳಿರಬಹುದು. 1965ರ ಯುದ್ಧದಲ್ಲಿ ಗುಂಡು ತಿಂದವರು. 1972ರಲ್ಲಿ ಜರ್ಮನಿಯ ಹೈಡಲ್‌ಬರ್ಗ್‌ನಲ್ಲಿ ಈಜಿ ಭಾರತಕ್ಕೆ ಮೊದಲ ಪ್ಯಾರಾಲಿಂಪಿಕ್ ಚಿನ್ನ ತಂದರು. ಪದ್ಮಶ್ರೀ ಬಂದದ್ದು 2018ರಲ್ಲಿ. ನಡುವಿನ 46 ವರ್ಷ ನಾವೆಲ್ಲ ಏನು ಮಾಡುತ್ತಿದ್ದೆವು?

ಕಾರ್ಯದರ್ಶಿಗಳೇ, ನಿಮ್ಮ ಕಡೆ ಕೈಕಾಲು ಕಳೆದುಕೊಂಡ ಮಾಜಿ ಸೈನಿಕರು ಇದ್ದರೆ ಕರೆಯಿರಿ. ಕರೆಯುವ ಮೊದಲು ವೇದಿಕೆಗೆ ರ‍್ಯಾಂಪ್ ಮಾಡಿಸಿ. ನಾಲ್ಕು ಜನ ಕುರ್ಚಿ ಸಮೇತ ಎತ್ತಿಕೊಂಡು ಹೋಗುವುದನ್ನು ಜನ ವಿಡಿಯೋ ಮಾಡುತ್ತಾರೆ. ಅವರಿಗೆ ಅದರಷ್ಟು ಮುಜುಗರ ಬೇರೆ ಇಲ್ಲ.

ಮೇಷ್ಟ್ರು:

ನಾನು ಹೈಸ್ಕೂಲಿನಲ್ಲಿ ಇತಿಹಾಸ ಹೇಳುವವನು. ಒಂದು ವಿಷಯ ಗಮನಿಸಿದ್ದೀರಾ? 1971ರಲ್ಲಿ ನಮ್ಮವರು 3,800ಕ್ಕೂ ಹೆಚ್ಚು ಮಂದಿ ಸತ್ತರು. ಕಾರ್ಗಿಲ್‌ನ ಏಳು ಪಟ್ಟು. ಆದರೂ ಮಕ್ಕಳನ್ನು ಒಬ್ಬ ಯೋಧನ ಹೆಸರು ಹೇಳಿ ಅಂದರೆ ಕಾರ್ಗಿಲ್‌ನವರ ಹೆಸರೇ ಬರುತ್ತದೆ. ಯಾಕೆ? ಮೊದಲಿನ ಯುದ್ಧಗಳಲ್ಲಿ ಸಾಮಾನ್ಯವಾಗಿ ರಣರಂಗದ ಹತ್ತಿರವೇ ಅಂತ್ಯಕ್ರಿಯೆ ಮುಗಿಯುತ್ತಿತ್ತು. ಮನೆಗೆ ಸುದ್ದಿ ಬರುತ್ತಿತ್ತು, ಪೆಟ್ಟಿಗೆ ಬರುತ್ತಿರಲಿಲ್ಲ. ಕಾರ್ಗಿಲ್‌ನಲ್ಲಿ ಪೆಟ್ಟಿಗೆ ಊರೂರಿಗೆ ಬಂತು, ಟಿವಿಯಲ್ಲೂ ಬಂತು. ಕಣ್ಣಿಗೆ ಬಿದ್ದ ಸಾವು ನೆನಪಿನಲ್ಲಿ ಉಳಿಯಿತು, ಉಳಿದದ್ದು ಜಾರಿತು. 1962, 65, 71ರ ಮನೆಯವರು ನಿಮ್ಮ ಸುತ್ತಮುತ್ತ ಇದ್ದರೆ ಮೊದಲು ಅವರನ್ನು ಹುಡುಕಿ. ಈಗ ಎಂಬತ್ತು ದಾಟಿರುತ್ತಾರೆ.

ಹೆಣವೂ ಬರದ ಮನೆಗಳಿವೆ. 1971ರಿಂದ ಕಾಣೆಯಾದ 54 ಮಂದಿ ಪಾಕಿಸ್ತಾನದ ಜೈಲುಗಳಲ್ಲಿ ಇದ್ದಾರೆ ಅಂತ ಅವರ ಮನೆಯವರು ದಶಕಗಟ್ಟಲೆ ಓಡಾಡಿದರು. ಸಿಯಾಚಿನ್‌ನಲ್ಲಿ 1984ರ ಮೇ ತಿಂಗಳಲ್ಲಿ ಹಿಮದಡಿ ಸಿಕ್ಕ ಲಾನ್ಸ್ ನಾಯಕ್ ಚಂದ್ರಶೇಖರ್ ಹರ್ಬೋಲಾ ಅವರ ದೇಹ ಸಿಕ್ಕಿದ್ದು 2022ರ ಆಗಸ್ಟ್‌ನಲ್ಲಿ. ಗುರುತು ಹಿಡಿದದ್ದು ಸೈನ್ಯದ ನಂಬರ್ ಇದ್ದ ಲೋಹದ ಬಿಲ್ಲೆಯಿಂದ. 38 ವರ್ಷ. ಅಷ್ಟು ಕಾಲ ಅವರ ಹೆಂಡತಿ ಯಾವ ದಿನ ಅಂತ ತಿಥಿ ಮಾಡಬೇಕಿತ್ತು?

ನನ್ನ ಸಲಹೆ ಸರಳ. ದೆಹಲಿಯ ರಾಷ್ಟ್ರೀಯ ಸಮರ ಸ್ಮಾರಕದ ಗ್ರಾನೈಟ್ ಇಟ್ಟಿಗೆಗಳ ಮೇಲೆ ಸ್ವಾತಂತ್ರ್ಯದ ನಂತರ ಸತ್ತ 25,000ಕ್ಕೂ ಹೆಚ್ಚು ಯೋಧರ ಹೆಸರಿದೆ. ಅಂಥದ್ದೊಂದು ಸ್ಮಾರಕ ಆದದ್ದು 2019ರಲ್ಲಿ, ಅಷ್ಟು ತಡ. ಆ ಪಟ್ಟಿಯಲ್ಲಿ ನಿಮ್ಮ ಜಿಲ್ಲೆಯವರನ್ನು ಹುಡುಕಿ. ಒಬ್ಬೊಬ್ಬ ಹುಡುಗನಿಗೆ ಒಂದೊಂದು ಹೆಸರು ಕೊಡಿ. ಅವರ ಊರು, ವಯಸ್ಸು, ಯಾವ ರೆಜಿಮೆಂಟ್, ಎಲ್ಲಿ ಹೋದರು ಅಂತ ಅವನೇ ತಿಳಿದುಕೊಂಡು ಬಂದು ಮೈಕಿನಲ್ಲಿ ಓದಲಿ. ಭಾಷಣ ಬೇಡವೇ ಬೇಡ. ಇಪ್ಪತ್ತೊಂದು ವರ್ಷ, ಇಪ್ಪತ್ಮೂರು ವರ್ಷ ಅಂತ ಹದಿನಾರರ ಹುಡುಗನ ಬಾಯಲ್ಲಿ ಬಂದರೆ ಸಾಕು.

ಯೋಧನ ಮಗಳು:

ಮೇಷ್ಟ್ರೇ, ಇದು ಚೆನ್ನಾಗಿದೆ. ಒಂದೇ ಸೇರಿಸುತ್ತೇನೆ. ಹುಡುಗರನ್ನು ಮನೆಗೆ ಕಳಿಸುವ ಮುಂಚೆ ಫೋನ್ ಮಾಡಿ ಕೇಳಿ. ಕೆಲವರಿಗೆ ಮಾತಾಡಬೇಕು ಅನ್ನಿಸುತ್ತದೆ, ಕೆಲವರಿಗೆ ಬೇಡ. 'ಕೊನೇ ಸಲ ಏನು ಹೇಳಿದರು' ಅಂತ ಮಾತ್ರ ಯಾರೂ ಕೇಳಬೇಡಿ. ನಮ್ಮಮ್ಮನಿಗೆ ಎಷ್ಟೋ ಪತ್ರಕರ್ತರು ಕೇಳಿದ್ದು ಅದನ್ನೇ. ಅಪ್ಪ ಕೊನೇ ಫೋನಿನಲ್ಲಿ ಗ್ಯಾಸ್ ಸಿಲಿಂಡರ್ ಬಂತಾ ಅಂತ ಕೇಳಿದ್ದರು. ಪೇಪರಿನವರು ಅದನ್ನು ಹಾಕಲಿಲ್ಲ, ತಾವೇ ಏನೋ ದೇಶಭಕ್ತಿಯ ಮಾತು ಬರೆದುಕೊಂಡರು. ಅಪ್ಪ ಕಬಡ್ಡಿ ಹೇಗೆ ಆಡುತ್ತಿದ್ದರು, ಯಾವ ಹಾಡು ಗುನುಗುತ್ತಿದ್ದರು ಅಂತ ಕೇಳಿದ್ದರೆ ಅಮ್ಮ ಅರ್ಧ ದಿನ ಹೇಳುತ್ತಿದ್ದಳು.

ಮನೆಯವರನ್ನು ವೇದಿಕೆಯ ಮೇಲೆ ಬೇಡ, ಮುಂದಿನ ಸಾಲಿನಲ್ಲಿ ನೆರಳಿರುವ ಕಡೆ ಕೂರಿಸಿ. ಅತಿಥಿ ಬಂದಮೇಲೆ ಕರೆತನ್ನಿ. ಬೇರೆ ಊರಿನ ಒಂದು ಕಾರ್ಯಕ್ರಮದಲ್ಲಿ ಅಮ್ಮನನ್ನು ಮೂರು ಗಂಟೆ ಬಿಸಿಲಲ್ಲಿ ಕಾಯಿಸಿದ್ದರು.

ಸಂಘದ ಕಾರ್ಯದರ್ಶಿ:

ಎಲ್ಲರಿಗೂ ಧನ್ಯವಾದ. ಇವತ್ತು ಮತ್ತೆ ಸಭೆ ಸೇರಿದ್ದೆವು. ಹೆಸರು ಓದುವುದು ಪಾಸಾಯಿತು. ರ‍್ಯಾಂಪ್‌ಗೆ ಶಾಮಿಯಾನದವನು ಒಪ್ಪಿದ. ರ‍್ಯಾಲಿ ಇರುತ್ತದೆ, ಹುಡುಗರು ಬಿಡಲಿಲ್ಲ. ಆದರೆ ಅದು 1971ರ ಒಬ್ಬರ ಮನೆ ಮುಂದೆ ಹಾದು ಬರುತ್ತದೆ, ಅಲ್ಲಿ ಹಾರ್ನ್ ಹೊಡೆಯುವ ಹಾಗಿಲ್ಲ. ಜೈ ಜವಾನ್, ಇದರ ಜವಾಬ್ದಾರಿ ನಿನ್ನದೇ. ಶೇರ್ ಖಾನ್ ವಿಷಯಕ್ಕೆ ಮಾತ್ರ ದೊಡ್ಡ ಜಗಳ ಆಯಿತು, ಇನ್ನೂ ತೀರ್ಮಾನ ಆಗಿಲ್ಲ.

ಶಾಲು, ಹಣ್ಣಿನ ಬುಟ್ಟಿಯ ದುಡ್ಡಿನಲ್ಲಿ ಕಂಪ್ಯೂಟರ್, ಪ್ರಿಂಟರ್ ಬಾಡಿಗೆಗೆ ತಂದು, ಅವತ್ತು ಮಧ್ಯಾಹ್ನ ಮನೆಯವರ ಪಿಂಚಣಿ ಕಾಗದ ಪತ್ರ ಸರಿ ಮಾಡಿಕೊಡೋಣ ಅಂತ ಇದೆ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೂ ಪತ್ರ ಬರೆಯುತ್ತೇವೆ. ಹವಾಲ್ದಾರ್ ಸಾರ್, ನೀವು ಬರುತ್ತೀರಾ?

ಮಾಜಿ ಹವಾಲ್ದಾರ್:

ಬರುತ್ತೇನೆ. ಬೆರಳಿನ ಗುರುತು ಹಿಡಿಯುವ ಯಂತ್ರ ಒಂದು ಬೇಕು, ಮರೆಯಬೇಡಿ. ಸೈನ್ಯದ ಪಿಂಚಣಿ ಎಲ್ಲ ಈಗ ಆನ್‌ಲೈನ್, ಸ್ಪರ್ಶ್ ಅನ್ನುವ ಪೋರ್ಟಲ್‌ನಲ್ಲಿ. ವರ್ಷಕ್ಕೊಮ್ಮೆ ಜೀವನ ಪ್ರಮಾಣಪತ್ರ ಹಾಕದಿದ್ದರೆ ನಿಂತುಹೋಗುತ್ತದೆ. ಹೊಲದಲ್ಲಿ ದುಡಿದ ಅಜ್ಜಿಯರ ಬೆರಳಿನ ಗೆರೆ ಸವೆದಿರುತ್ತದೆ, ಯಂತ್ರ ಹಿಡಿಯುವುದಿಲ್ಲ. ಅಂಥವರಿಗೆ ಮುಖ ತೋರಿಸಿ ಮಾಡುವ ಮೊಬೈಲ್ ಆ್ಯಪ್ ಇದೆ, ನಾನು ತೋರಿಸುತ್ತೇನೆ. ಪಿಪಿಒ (ಪಿಂಚಣಿ ಆದೇಶ ಪತ್ರ), ಆಧಾರ್, ಬ್ಯಾಂಕ್ ಪಾಸ್‌ಬುಕ್ ಮೂರರಲ್ಲೂ ಹೆಸರು ಒಂದೇ ಥರ ಇದೆಯಾ ಅಂತ ಮನೆಯಲ್ಲೇ ನೋಡಿಕೊಂಡು ಬರಲು ಹೇಳಿ. ಜೆರಾಕ್ಸ್ ತಂದರೆ ಸಾಕು, ಒರಿಜಿನಲ್ ಯಾರ ಕೈಗೂ ಕೊಡಬೇಡಿ ಅನ್ನಿ.